ಹದಿನಾರು ಪುಟದ ಮೇಕೆಮರಿ

"ಗುರುಗಳೇ, ಕೊನೆ ಏನೆಂದು ಎಲ್ಲರಿಗೂ ಗೊತ್ತಿರುವ ಕತೆಯನ್ನು ಜನ ಯಾಕೆ ಕುಳಿತು ಕೇಳಬೇಕು?"

ಹೀಗೆ ಕೇಳಿದವಳು ಚಂಪಕಾ. ಅವಳು ನರಹರಿ ದಾಸರ ಬಳಿ ಹರಿಕಥೆ ಕಲಿಯುತ್ತಿದ್ದಳು. ಹಿಂದಿನ ಸಂಜೆ ಮೊದಲ ಬಾರಿಗೆ ತಾನೊಬ್ಬಳೇ ನಿಂತು ಧ್ರುವನ ಕತೆ ಮಾಡಿದ್ದಳು. ಬಾಲಕ ಕಾಡಿಗೆ ಹೊರಡುವಷ್ಟರಲ್ಲೇ ಮುಂದಿನ ಸಾಲಿನ ಮುದುಕಿಯೊಬ್ಬಳು, "ಅಳಬೇಡ ಕಂದ, ನಕ್ಷತ್ರ ಆಗ್ತೀಯ" ಎಂದು ಗಟ್ಟಿಯಾಗಿ ಹೇಳಿಬಿಟ್ಟಳು. ಸಭೆ ನಕ್ಕಿತು. ಚಂಪಕಾಗೆ ಮುಖಭಂಗವಾಯಿತು. ಇನ್ನು ಮುಂದೆ ಯಾರೂ ಕೇಳಿರದ ಕತೆಗಳನ್ನೇ ಮಾಡಬೇಕು, ಇಲ್ಲವಾದರೆ ಹರಿಕಥೆಯನ್ನೇ ಬಿಡಬೇಕು ಎಂದು ನಿಶ್ಚಯಿಸಿಕೊಂಡು ಬಂದಿದ್ದಳು.

ದಾಸರು ತಾಳವನ್ನು ಕೆಳಗಿಟ್ಟರು. "ಕೂತ್ಕೋಮ್ಮ. ಇವತ್ತು ಪುರಾಣ ಬೇಡ, ಸಿನಿಮಾದವರ ಕತೆ ಹೇಳ್ತೀನಿ" ಎಂದರು. ಅವರು ಹೇಳಿದ್ದು ಹೀಗೆ.

ಚಿತ್ರ ಬರೆಯುವ ಒಬ್ಬ ಹೆಂಗಸಿದ್ದಳು. ಮಕ್ಕಳಿಗೆಂದು ಅವಳು ಹದಿನಾರು ಪುಟದ ಒಂದು ಪುಸ್ತಕ ಮಾಡಿದಳು. ಕತೆ ಇಷ್ಟೇ. ಒಬ್ಬ ರೈತನ ಮೇಕೆಮರಿ ಕಾಣೆಯಾಗುತ್ತದೆ. ಅವನು ಹುಡುಕಿಕೊಂಡು ಹೊರಡುತ್ತಾನೆ. ಬಾವಿಕಟ್ಟೆಯಲ್ಲಿ ನೋಡುತ್ತಾನೆ, ಹುಲ್ಲಿನ ಬಣವೆಯಲ್ಲಿ ನೋಡುತ್ತಾನೆ, ಹಿಟ್ಟಿನ ಗಿರಣಿಗೂ ಸಂತೆಗೂ ಹೋಗುತ್ತಾನೆ. ಪ್ರತಿ ಪುಟದ ಕೆಳಗೆ "ಇಲ್ಲಿಲ್ಲ" ಎಂಬ ಒಂದೇ ಮಾತು. ಆದರೆ ಪ್ರತಿ ಪುಟದಲ್ಲೂ ಮರಿ ಇರುತ್ತದೆ. ಬಣವೆಯ ಹಿಂದೆ ಅದರ ಕಿವಿ ಕಾಣುತ್ತದೆ, ಗಿರಣಿಯ ಚೀಲಗಳ ನಡುವೆ ಬಾಲ ಕಾಣುತ್ತದೆ. ಅದು ಅವನ ಬೆನ್ನ ಹಿಂದೆಯೇ ಬರುತ್ತಿರುತ್ತದೆ, ಅವನಿಗೆ ಮಾತ್ರ ಗೊತ್ತಿಲ್ಲ. ಕೊನೆಯ ಪುಟದಲ್ಲಿ ರೈತ ಸೋತು ಕೂರುತ್ತಾನೆ. ಮರಿ ಬಂದು ಅವನ ಮಡಿಲಲ್ಲಿ ಮುಖ ಇಡುತ್ತದೆ.

ಆ ಸೀಮೆಯ ತಾಯಂದಿರು ಅದನ್ನು ಊಟದ ಪುಸ್ತಕ ಎಂದೇ ಕರೆದರು. ಒಂದು ಪುಟಕ್ಕೆ ಒಂದು ತುತ್ತು. ಮಗು ಮರಿಯ ಮೇಲೆ ಬೆರಳಿಟ್ಟು "ಇಲ್ಲಿದೆ!" ಎಂದು ಕೂಗಬೇಕಾದರೆ ಬಾಯಿ ತೆರೆಯಲೇಬೇಕು. ತೆರೆದ ತಕ್ಷಣ ತುತ್ತು ಇಟ್ಟುಬಿಡುವುದು. ಊಟವೆಂದರೆ ಮೈಲಿ ದೂರ ಓಡುವ ಮಕ್ಕಳೂ ಹದಿನಾರು ತುತ್ತು ತಿಂದು ಏಳುತ್ತಿದ್ದವು.

ಹಾಗೆ ತಿಂದು ಬೆಳೆದವನೊಬ್ಬ ಸಿನಿಮಾ ನಿರ್ದೇಶಕನಾದ. ಅವನಿಗೆ ಐದು ವರ್ಷದ ಮಗಳಿದ್ದಳು. ಅವಳಿಗೂ ಅದೇ ಪುಸ್ತಕದಲ್ಲಿ ಊಟ. ಒಂದು ದಿನ ಅವನು ಮಗಳಿಗೆ ಮಾತು ಕೊಟ್ಟ: "ನಿನ್ನ ಮರೀನ ಗೋಡೆಯಷ್ಟು ದೊಡ್ಡದು ಮಾಡಿ ತೋರಿಸ್ತೀನಿ, ನೋಡ್ತಿರು." ಅವಳು ಅದನ್ನು ಬೀದಿಯವರಿಗೆಲ್ಲ ಸಾರಿಕೊಂಡು ಬಂದಳು. ಅವನು ಮುದುಕಿಯಾಗಿದ್ದ ಆ ಚಿತ್ರ ಬರೆದವಳ ಬಳಿ ಹೋಗಿ ಕಾಲು ಮುಟ್ಟಿ, ಪುಸ್ತಕವನ್ನು ಸಿನಿಮಾ ಮಾಡಲು ಒಪ್ಪಿಗೆ ಕೇಳಿದ. ಹಲವರನ್ನು ಬರಿಗೈಯಲ್ಲಿ ಕಳಿಸಿದ್ದವಳು ಇವನಿಗೆ ಒಪ್ಪಿದಳು.

ಪುಸ್ತಕ ಓದಲು ಕಾಲು ಗಂಟೆ ಸಾಕು. ಸಿನಿಮಾ ಎರಡು ಗಂಟೆ ಓಡಬೇಕು. ನಿರ್ದೇಶಕ ಒಂದು ಮಳೆ ಸೇರಿಸಿದ. ಮರಿಯ ಮೇಲೆ ಕಣ್ಣಿಟ್ಟ ಒಬ್ಬ ವ್ಯಾಪಾರಿಯನ್ನು ಸೇರಿಸಿದ. ರೈತನ ಹೆಂಡತಿಯನ್ನು ಸಾಯಿಸಿದ. ಹೆಂಡತಿ ಬದುಕಿದ್ದರೆ ಸಿನಿಮಾದಲ್ಲಿ ಒಳ್ಳೆಯ ಹಾಡು ಹುಟ್ಟುವುದಿಲ್ಲವಂತೆ! ಇರಲಿ, ಹಾಡುಗಳೇನೋ ಚೆನ್ನಾಗಿಯೇ ಇದ್ದವು. ಇದ್ಯಾವುದೂ ತಪ್ಪಲ್ಲ. ದೊಡ್ಡ ಪಾತ್ರೆಗೆ ಹೆಚ್ಚು ನೀರು ಹಿಡಿಯುತ್ತದೆ.

ಒಂದು ವಿಷಯದಲ್ಲಿ ಮಾತ್ರ ಅವನು ನಿರ್ಮಾಪಕನ ಮಾತಿಗೆ ತಲೆದೂಗಿದ. ನಿರ್ಮಾಪಕ ಹೇಳಿದ್ದು ಇಷ್ಟು: "ಮರಿ ಎಲ್ಲಿದೆ ಅಂತ ಮೊದಲೇ ಗೊತ್ತಾಗಿಬಿಟ್ರೆ ಜನ ಎರಡು ಗಂಟೆ ಯಾಕ್ರೀ ಕೂರ್ತಾರೆ? ಕೊನೇವರೆಗೂ ಅದರ ಬಾಲ ಕೂಡ ಕಾಣಿಸಬಾರದು." ನಿರ್ದೇಶಕನಿಗೆ ಇದು ಬುದ್ಧಿವಂತಿಕೆಯ ಮಾತೆನಿಸಿತು. ಮೊದಲ ದೃಶ್ಯದಲ್ಲಿ ಮರಿ ಮಾಯವಾಯಿತು. ಮತ್ತೆ ಕಂಡದ್ದು ಕೊನೆಯ ದೃಶ್ಯದಲ್ಲೇ.

ಬಿಡುಗಡೆಗೆ ಎರಡು ವಾರ ಇರುವಾಗ ಚಿತ್ರತಂಡದ ಮನೆಮಂದಿಗೆಲ್ಲ ಸಿನಿಮಾ ತೋರಿಸಿದರು. ಮಗಳು ಹೊಸ ಲಂಗ ತೊಟ್ಟು ಅಪ್ಪನ ತೊಡೆಯ ಮೇಲೆ ಕೂತಳು. ಬಾವಿಕಟ್ಟೆ ಬಂತು. ಅವಳು ಬೆರಳೆತ್ತಿದಳು. ಪರದೆಯ ಈ ಮೂಲೆಯಿಂದ ಆ ಮೂಲೆಯವರೆಗೆ ಬೆರಳು ಓಡಾಡಿತು, ಎಲ್ಲೂ ನಿಲ್ಲಲಿಲ್ಲ. ಬಣವೆ ಬಂದಾಗ ತೊಡೆಯ ಮೇಲೆ ಎದ್ದು ನಿಂತು ಹುಡುಕಿದಳು. ಗಿರಣಿ ಬಂದಾಗ, "ಅಪ್ಪಾ, ಮರಿ?" ಎಂದಳು.

"ಶ್! ಕೊನೇಲಿ ಬರುತ್ತೆ."

ಅವಳು ಬೆರಳು ಮಡಚಿಕೊಂಡಳು. ಸಂತೆಯ ಹೊತ್ತಿಗೆ ಪರದೆ ನೋಡುವುದನ್ನು ಬಿಟ್ಟು ಲಂಗದ ಅಂಚಿನ ದಾರ ಎಳೆಯುತ್ತಿದ್ದಳು. ಕೊನೆಗೆ ಮರಿ ಬಂತು, ಅದರ ಜೊತೆಗೆ ನಲವತ್ತು ಪಿಟೀಲುಗಳೂ ಬಂದವು. ದೊಡ್ಡವರೆಲ್ಲ ಕಣ್ಣೊರೆಸಿಕೊಂಡು ಚಪ್ಪಾಳೆ ತಟ್ಟಿದರು. ಮಗಳು ಅಪ್ಪನ ಕಡೆಗೆ ತಿರುಗಿದಳು.

"ನನಗೂ ಹೇಳ್ದೆ ಯಾಕಪ್ಪ ಬಚ್ಚಿಟ್ಟೆ?"

ಜನ ಬಂದು ಕೈಕುಲುಕಿದರು, ಬೆನ್ನು ತಟ್ಟಿದರು. ಒಂದು ಮಾತೂ ನಿರ್ದೇಶಕನ ಕಿವಿಗೆ ಬೀಳಲಿಲ್ಲ. ಮನೆಗೆ ಹೋಗಿ ಎಂದಿನಂತೆ ಅನ್ನ ಕಲಸಿಕೊಂಡು ಪುಸ್ತಕ ತೆರೆದ. ಮಗಳು ಬೆರಳಿಡಲಿಲ್ಲ. "ನೀನೇ ಹೇಳು" ಎಂದಳು. ಕೈಯಲ್ಲಿದ್ದ ತುತ್ತು ಕೈಯಲ್ಲೇ ಉಳಿಯಿತು. ತಾನು ಮಾಡಿದ್ದೇನೆಂದು ಅವನಿಗೆ ಆಗ ಅರ್ಥವಾಯಿತು. ಆ ಪುಸ್ತಕದಲ್ಲಿ ರೈತನಿಗಿಂತ ಮಗುವಿಗೆ ಹೆಚ್ಚು ಗೊತ್ತಿತ್ತು. ಮನೆಯಲ್ಲಿ ಎಲ್ಲರಿಗಿಂತ ಕಡಿಮೆ ಗೊತ್ತಿರುವ ಮಗು, ಆ ಹದಿನಾರು ಪುಟಗಳಲ್ಲಿ ಮಾತ್ರ ದೊಡ್ಡದಾಗಿರುತ್ತಿತ್ತು. ಅದನ್ನೇ ಅವನು ಕಿತ್ತುಕೊಂಡಿದ್ದ. ಅವನಿಗೆ ತನ್ನ ಮೇಲೆ ನಾಚಿಕೆಯಾಯಿತು.

ಅನ್ನದ ಕೈ ತೊಳೆದವನೇ ಸಂಕಲನಕಾರನ ಬಳಿಗೆ ಓಡಿದ. ಮರಿ ಕಾಣುವ ದೃಶ್ಯಗಳನ್ನು ಹೊಸದಾಗಿ ಚಿತ್ರಿಸಬೇಕು, ಅದಕ್ಕೆ ಸಮಯವೆಲ್ಲಿದೆ ಎಂದು ತಲೆ ಚಚ್ಚಿಕೊಂಡ. ಸಂಕಲನಕಾರ ನಕ್ಕುಬಿಟ್ಟ. "ಹೊಸದು ಯಾಕೆ ಸಾರ್? ರೈತನ ವೇಷದವರು ಜೇಬಲ್ಲಿ ಕಡಲೆ ಇಟ್ಕೊಂಡಿರ್ತಿದ್ರು. ಮರಿ ದಿನಾ ಅವರ ಹಿಂದೇನೇ ಬಂದು ಕ್ಯಾಮೆರಾ ಮುಂದೆ ನಿಲ್ತಿತ್ತು. ನೀವು ಬೈದು, ಮತ್ತೆ ತೆಗೆಸ್ತಿದ್ರಿ. ಕೆಟ್ಟುಹೋದ ಆ ತುಣುಕುಗಳೆಲ್ಲ ನನ್ನತ್ರ ಇವೆ."

ಇಬ್ಬರೂ ಒಂಬತ್ತು ದಿನ ಕೂತು ಆ ತುಣುಕುಗಳನ್ನು ಜೋಡಿಸಿದರು. ಬಾವಿಕಟ್ಟೆಯಲ್ಲಿ ಕಿವಿ ಬಂತು, ಗಿರಣಿಯಲ್ಲಿ ಬಾಲ ಬಂತು. ನಿರ್ಮಾಪಕ ಕೆಂಡಾಮಂಡಲವಾದ. ಗುಟ್ಟು ಹೋದರೆ ಸಿನಿಮಾವೇ ಹೋಯಿತು ಎಂದು ಕೂಗಾಡಿದ. ನಿರ್ದೇಶಕ ವಾದ ಮಾಡಲಿಲ್ಲ. "ಇನ್ನೊಂದು ಸಲ ಮಕ್ಕಳ ಜೊತೆ ಕೂತು ನೋಡೋಣ ಸಾರ್. ಅವರು ಎದ್ದು ಹೋದ್ರೆ ನಿಮ್ಮ ಸಿನಿಮಾನೇ ಬಿಡುಗಡೆ ಮಾಡಿ" ಎಂದಷ್ಟೇ ಹೇಳಿದ.

ಮಕ್ಕಳನ್ನು ಕರೆಸಿದರು. ನಿರ್ಮಾಪಕ ಹಿಂದಿನ ಸಾಲಿನಲ್ಲಿ ಕೈಕಟ್ಟಿ ಕೂತ. ಮಗಳು ಬರುವುದಿಲ್ಲವೆಂದು ಹಟ ಮಾಡಿದಳು. ಅಪ್ಪ ಎತ್ತಿಕೊಂಡು ಬಂದು ತೊಡೆಯ ಮೇಲೆ ಕೂರಿಸಿಕೊಂಡ. ದೀಪ ಆರಿತು. ಮರಿ ಕಾಣೆಯಾಯಿತು. ರೈತ ಮನೆಯಿಂದ ಹೊರಟ. ಬಾವಿಕಟ್ಟೆ ಬಂತು. ರೈತ ಬಗ್ಗಿ ನೋಡಿ, "ಇಲ್ಲಿಲ್ಲ" ಎಂದ. ಅವನ ಹಿಂದೆ, ಕಟ್ಟೆಯ ಅಂಚಿನಲ್ಲಿ, ಒಂದು ಕಿವಿ ಅಲ್ಲಾಡಿತು.

ಇಲ್ಲಿಗೆ ದಾಸರು ನಿಲ್ಲಿಸಿದರು. ತಾಳವನ್ನು ಮಡಿಲಿಗೆ ತೆಗೆದುಕೊಂಡು ಬಟ್ಟೆಯಿಂದ ಒರೆಸತೊಡಗಿದರು. ಚಂಪಕಾ ತಡೆಯಲಾರದೆ ಮುಂದಕ್ಕೆ ಸರಿದು ಕೂತಳು.

"ಆಮೇಲೆ, ಗುರುಗಳೇ? ಮಗು ಬೆರಳೆತ್ತಿತೇ?"

ದಾಸರು ತಲೆ ಎತ್ತಿದರು.

"ಗೊತ್ತಿದ್ದೂ ಕೇಳ್ತಿದೀಯಲ್ಲಮ್ಮ, ಯಾಕೆ?"