ನಳಿಗೆಯನ್ನು ಅಪ್ಪಿಕೊಂಡ ಮರ

ಗುರಿಸ್ಪರ್ಧೆಯ ಕೋವಿಯೊಂದರಲ್ಲಿ ಉಕ್ಕಿನ ನಳಿಗೆಯೂ ಮರದ ಹಿಡಿಯೂ ಜೊತೆಯಾಗಿ ಬಾಳುತ್ತಿದ್ದವು. ಹಿಡಿಯು ಮುಂದಕ್ಕೆ ಚಾಚಿಕೊಂಡು ನಳಿಗೆಯನ್ನು ಬುಡದಿಂದ ತುದಿಯವರೆಗೆ ಅಪ್ಪಿಕೊಂಡಿತ್ತು.

"ಅಣ್ಣಾ, ಗುಂಡು ಹಾರಿದಾಗೆಲ್ಲ ನನ್ನ ಮೈ ಕಾದು ಹಿಗ್ಗುತ್ತದೆ. ಕೊಂಚ ಸಡಿಲ ಬಿಡಿ," ಎಂದು ನಳಿಗೆ ಬೇಡಿತು.

"ನಾನು ಕೈಬಿಟ್ಟರೆ ನೀನು ಸೊಟ್ಟಗಾಗುತ್ತೀಯೆ. ನಿನ್ನ ಏಳಿಗೆಗಾಗಿಯೇ ಇಷ್ಟು ಕಷ್ಟಪಡುತ್ತಿದ್ದೇನೆ," ಎಂದಿತು ಹಿಡಿ.

ಮಳೆಗಾಲದ ತೇವಕ್ಕೆ ಮರ ಉಬ್ಬಿತು, ಅಪ್ಪುಗೆ ಇನ್ನೂ ಬಿಗಿಯಾಯಿತು. ಗುಂಡುಗಳೆಲ್ಲ ಗುರಿ ತಪ್ಪಿ ಎಡಕ್ಕೆ ಹೋದವು. "ಈ ನಳಿಗೆಯನ್ನು ಗುಜರಿಗೆ ಹಾಕಬೇಕು," ಎಂದಳು ಒಡತಿ ದೇಚಮ್ಮ.

"ಎಷ್ಟು ತಿದ್ದಿದರೂ ಇದಕ್ಕೆ ಬುದ್ಧಿ ಬರಲಿಲ್ಲ," ಎಂದು ಹಿಡಿ ನಿಟ್ಟುಸಿರು ಬಿಟ್ಟಿತು.

ಆದರೆ ನಳಿಗೆಯನ್ನು ಬಿಚ್ಚಿದಾಗ, ಅದರ ಒಂದು ಬದಿಯ ಬಣ್ಣ ಮರಕ್ಕೆ ಉಜ್ಜಿ ಉಜ್ಜಿ ಸವೆದಿದ್ದು ದೇಚಮ್ಮನ ಕಣ್ಣಿಗೆ ಬಿತ್ತು. ಮರ ಒತ್ತುತ್ತಿರುವುದರಿಂದಲೇ ಗುರಿ ತಪ್ಪುತ್ತಿದೆ ಎಂದರಿತು, ಅವಳು ಉಳಿ ತಂದು ಮರವನ್ನು ಹೆರೆದಳು. ನಳಿಗೆಯ ಬುಡವನ್ನು ಮಾತ್ರ ತಿರುಪಿನಿಂದ ಭದ್ರವಾಗಿ ಕೂರಿಸಿ, ಉಳಿದ ಉದ್ದವೆಲ್ಲ ಎಲ್ಲಿಯೂ ತಾಗದಂತೆ ಬಿಟ್ಟಳು.

"ಅಯ್ಯೋ, ಇನ್ನು ಇದು ಹಾಳಾಗಿಹೋಯಿತು!" ಎಂದು ಹಿಡಿ ಗೋಳಾಡಿತು.

ಮುಂದಿನ ಸ್ಪರ್ಧೆಯಲ್ಲಿ ನಳಿಗೆ ಮೊದಲ ಬಾರಿಗೆ ನಿರಾಳವಾಗಿ ಉಸಿರಾಡಿತು. ಹಾರಿದ ಗುಂಡುಗಳೆಲ್ಲ ದೂರದ ಹಲಗೆಯ ಕಪ್ಪು ಚುಕ್ಕಿಯಲ್ಲೇ ನೆಟ್ಟವು. ಜನ ಚಪ್ಪಾಳೆ ತಟ್ಟಿದರು. ನಳಿಗೆ ಬಾಯಿ ತೆರೆಯುವ ಮೊದಲೇ ಹಿಡಿಯು ಸಾಲಿನಲ್ಲಿದ್ದ ಬೇರೆ ಕೋವಿಗಳತ್ತ ತಿರುಗಿ, "ನೋಡಿದಿರಾ? ಇಷ್ಟು ವರ್ಷ ಅಪ್ಪಿ ಹಿಡಿದು ಬೆಳೆಸಿದ್ದರ ಫಲ!" ಎಂದಿತು.

ಆ ಕೋವಿಗಳ ಹಿಡಿಗಳೆಲ್ಲ ಹೌದೆಂದು ತಲೆದೂಗಿ, ತಮ್ಮ ತಮ್ಮ ನಳಿಗೆಗಳನ್ನು ಇನ್ನಷ್ಟು ಬಲವಾಗಿ ಅವುಚಿಕೊಂಡವು.