ಹಳೇ ಬಾಯಾರಿಕೆ

ಸರ್ಕಾರಿ ಶಾಲೆಯಲ್ಲಿ ಆಯಾ ಆಗಿದ್ದು ನಿವೃತ್ತಳಾದ ಪುಟ್ಟಗೌರಮ್ಮನ ಮನೆಗೆ ಖಾಸಗಿ ವಿಮೆ ಏಜೆಂಟ್ ಸುದರ್ಶನ ಮಟಮಟ ಮಧ್ಯಾಹ್ನ ಬಂದ. ಕುತ್ತಿಗೆಗೆ ಟೈ ಬಿಗಿದುಕೊಂಡಿದ್ದ, ಹಣೆಯಿಂದ ಬೆವರು ಇಳಿಯುತ್ತಿತ್ತು. ಬಂದವನೇ ಜಗಲಿ ಮೇಲೆ ಕೂತು ಉಪದೇಶ ಶುರು ಮಾಡಿದ.

“ಇನ್ನೂ ಆ ಸರ್ಕಾರಿ ಆಸ್ಪತ್ರೆ ಕಾರ್ಡ್ ಹಿಡ್ಕೊಂಡು ಕ್ಯೂ ನಿಲ್ತೀರಲ್ಲ, ನಾಚಿಕೆ ಆಗಲ್ವಾ? ಅದನ್ನ ಬಿಟ್ಹಾಕಿ. ಇವತ್ತೇ ನಮ್ಮ ಪ್ಲಾನ್‌ಗೆ ಸೈನ್ ಹಾಕಿ. ಏಸಿ ರೂಮು, ರಾಜವೈಭೋಗ!”

“ನನ್ನ ಸಕ್ಕರೆ ಕಾಯಿಲೆಗೂ ದುಡ್ಡು ಕೊಡ್ತೀರೇನಪ್ಪಾ?”

“ಅದು ನಮ್ಮ ಹತ್ರ ಬರೋಕೆ ಮೊದಲೇ ಇದ್ದ ಕಾಯಿಲೆ ಅಲ್ವಾ? ಅದಕ್ಕೆ ಮೂರು ವರ್ಷ ಕಾಯ್ಬೇಕು. ರೂಲ್ಸ್ ಅಂದ್ರೆ ರೂಲ್ಸ್.” ಇಷ್ಟು ಹೇಳುವಷ್ಟರಲ್ಲಿ ಅವನ ಗಂಟಲು ಪೂರ್ತಿ ಒಣಗಿತು. “ಸ್ವಲ್ಪ ನೀರು ಕೊಡಿ.”

ಪುಟ್ಟಗೌರಮ್ಮ ಚೊಂಬಿನ ತುಂಬ ನೀರು ತಂದಳು. ಆದರೆ ಕೊಡಲಿಲ್ಲ. ಮಡಿಲಲ್ಲಿಟ್ಟುಕೊಂಡು ಎದುರಿಗೇ ಕೂತಳು.

“ಈ ಬಾಯಾರಿಕೆ ನಮ್ಮನೆಗೆ ಬಂದ್ಮೇಲೆ ಶುರುವಾಯ್ತೋ, ಮೊದಲೇ ಇತ್ತೋ?”

“ಬಸ್‌ಸ್ಟ್ಯಾಂಡಿಂದಲೇ ಇತ್ತಮ್ಮ!”

“ಹಾಗಾದ್ರೆ ಹಳೇದು. ಕಾಯ್ಬೇಕು ಕಣಪ್ಪ. ಬೇಕಾದ್ರೆ ಇಲ್ಲೇ ಕೂತ್ಕೊಂಡು ಹೊಸದಾಗಿ ಒಂದು ಬಾಯಾರಿಕೆ ಮಾಡ್ಕೋ.”

ಸುದರ್ಶನನ ಮುಖ ಇಂಗು ತಿಂದ ಮಂಗನ ಹಾಗಾಯಿತು. ತಡೆಯಲಾರದೆ ಕೂಗಿಯೇಬಿಟ್ಟ. “ಬಾಯಾರಿ ಬಂದೋರಿಗೆ ನೀರು ಕೊಡೋಕೂ ರೂಲ್ಸಾ? ಇದ್ಯಾವ ನ್ಯಾಯ ಅಮ್ಮಾ?”

“ಅದನ್ನೇ ನಾನೂ ಕೇಳ್ತಿರೋದು.”

ಆಮೇಲೆ ಚೊಂಬನ್ನು ಅವನ ಕೈಗಿಟ್ಟಳು.

“ಕುಡಿ. ಇದು ಸರ್ಕಾರಿ ನಲ್ಲಿ ನೀರು, ಕ್ಯೂ ನಿಂತೇ ಹಿಡಿದಿದ್ದು. ಯಾವಾಗಿಂದ ಬಾಯಾರಿದ್ದೀಯ ಅಂತ ಅದು ಕೇಳಲ್ಲ.”