ಹೊಳೆಯುವ ಹಂಡೆ ಮತ್ತು ನರಿಯ ಬಾಗಿಲು

ಕಡಲಂಚಿನ ಒಂದು ಕಾಡಿನಲ್ಲಿ ಎಲ್ಲಿ ತೋಡಿದರೂ ಉಪ್ಪುನೀರೇ ಬರುತ್ತಿತ್ತು. ಪ್ರಾಣಿಗಳು ಅದನ್ನು ದೊಡ್ಡದೊಂದು ಟೈಟೇನಿಯಂ ಹಂಡೆಯಲ್ಲಿ ಕುದಿಸಿ, ಆವಿಯನ್ನು ತಣಿಸಿ, ಸಿಹಿನೀರು ಮಾಡಿಕೊಳ್ಳುತ್ತಿದ್ದವು. ಕಾಡಿಗೆಲ್ಲ ಅದೊಂದೇ ಹಂಡೆ. ಉಪ್ಪಿಗೆ ಜಗ್ಗದ ಲೋಹ. ಉಸ್ತುವಾರಿ ನರಿಯದು. ವರ್ಷಕ್ಕೊಮ್ಮೆ ಸಿಂಹರಾಜ ತಪಾಸಣೆಗೆ ಬಂದು ಹಂಡೆಯಲ್ಲಿ ಮುಖ ನೋಡಿಕೊಳ್ಳುತ್ತಿದ್ದ. ಕೇಸರ ಸ್ಪಷ್ಟವಾಗಿ ಕಂಡರೆ ಹಂಡೆ ಪಾಸು.

ಹಂಡೆಯೊಳಗೆ ಆಧಾರಕ್ಕೆ ಟೈಟೇನಿಯಂ ಪಟ್ಟಿಗಳಿದ್ದವು. ನರಿ ಅವನ್ನು ಬಿಚ್ಚಿ ತನ್ನ ಗವಿಯ ಬಾಗಿಲಿಗೆ ಹೊಡೆದುಕೊಂಡಿತು. ಆ ಜಾಗದಲ್ಲಿ ಹಳೇ ಕಬ್ಬಿಣದ ಪಟ್ಟಿ ಕೂರಿಸಿತು.

ನೀರಿಗೆ ಬಂದ ಜಿಂಕೆ ಇಣುಕಿ ನೋಡಿತು. "ನರಿಯಣ್ಣ, ಒಳಗೆ ತುಕ್ಕು ಕಾಣ್ತಿದೆ. ಹಂಡೆಗೇನಾದ್ರೂ ಆದ್ರೆ ನನ್ನ ಮರಿಗೆ ನೀರೆಲ್ಲಿ?"

"ತುಕ್ಕು ಹಿಡಿದಿರೋದು ಕಬ್ಬಿಣಕ್ಕೆ, ಜಿಂಕಕ್ಕ. ಹಂಡೆಗಲ್ಲ."

"ಗೋಡೆ ತುಂಬ ಗುಳ್ಳೆ ಏಳ್ತಿದೆಯಲ್ಲ?"

"ಹಂಡೆ ಉತ್ಸಾಹದಲ್ಲಿದೆ. ನೀನೂ ಹಾಗೇ ಇರು."

ಬಿಸಿ ಉಪ್ಪುನೀರಿನಲ್ಲಿ ಕಬ್ಬಿಣ ಕರಗುತ್ತಿತ್ತು. ಅದರ ಸಹವಾಸದಿಂದ ಹಂಡೆಯ ಗೋಡೆಯ ಮೇಲೆ ಜಲಜನಕ ಹುಟ್ಟುತ್ತಿತ್ತು. ಒಂದಷ್ಟು ಗುಳ್ಳೆಯಾಗಿ ಹೋಯಿತು, ಉಳಿದದ್ದನ್ನು ಹಂಡೆ ನುಂಗಿತು. ನುಂಗಿದ್ದನ್ನು ಮುಖದಲ್ಲಿ ತೋರಿಸುವ ಅಭ್ಯಾಸ ಟೈಟೇನಿಯಂಗೆ ಇಲ್ಲ. ಹೊರಗೆ ಮೈ ಥಳಥಳ ಹೊಳೆಯಿತು. ಒಳಗೆ, ನುಂಗಿದ ಜಲಜನಕದಿಂದ ಲೋಹ ಪೆಡಸಾಗಿ ಹಪ್ಪಳವಾಯಿತು.

ತಪಾಸಣೆಯ ದಿನ ಬಂತು. ಪ್ರಾಣಿಗಳು ಬೆಂಕಿ ಆರಿಸಿ ಹಂಡೆ ತಣಿಸಿದವು. ಸಿಂಹ ಮುಖ ನೋಡಿಕೊಂಡು ಮೀಸೆ ತಿದ್ದಿಕೊಂಡ. "ಭೇಷ್!"

"ಪ್ರಭು, ಒಳಗೂ ಒಂದ್ಸಲ ನೋಡಿ," ಎಂದಿತು ಜಿಂಕೆ.

"ಕೇಸರ ಕಾಣ್ತಿದೆಯಲ್ಲಮ್ಮ, ಇನ್ನೇನು?"

ನರಿಗೆ ಹುರುಪು ಬಂತು. "ಅನುಮಾನ ಇರೋರು ಕಣ್ತುಂಬ ನೋಡ್ಕೊಳ್ಳಿ!" ಎಂದು ಹಂಡೆಯ ಮುಚ್ಚಳ ಹತ್ತಿ ಕುಣಿಯಿತು.

ಒಂದು ಕುಣಿತ. ಎರಡನೆಯದಕ್ಕೆ ಹಂಡೆ ಚಟ್ಟೆಂದು ಸೀಳಿ ಚೂರಾಯಿತು. ನರಿ ಉಪ್ಪುನೀರು ಕುಡಿದು, ಕೆಮ್ಮುತ್ತ ಎದ್ದಿತು. ಕತ್ತಿನಲ್ಲಿ ತುಕ್ಕು ಹಿಡಿದ ಪಟ್ಟಿಯೊಂದು ಹೂಮಾಲೆಯಂತೆ ನೇತಾಡುತ್ತಿತ್ತು.

ಸಿಂಹ ಚೂರುಗಳನ್ನು ನೋಡಿದ. ಪ್ರತಿ ಚೂರಿನಲ್ಲೂ ಕೇಸರ ಚೆನ್ನಾಗಿಯೇ ಕಾಣುತ್ತಿತ್ತು. ಅವನಿಗೆ ನಾಚಿಕೆಯಾಯಿತು.

"ಒಳಗಿದ್ದ ಪಟ್ಟಿಗಳು ಎಲ್ಲಿ?" ಎಂದು ಗುಡುಗಿದ.

ನರಿ ಗವಿಯ ಬಾಗಿಲ ಕಡೆ ಮೂತಿ ತಿರುಗಿಸಿತು.

ಸಿಂಹನ ಅಪ್ಪಣೆಯಂತೆ ಬಾಗಿಲು ಪಟ್ಟಿಗಳ ಸಮೇತ ಹೊಸ ಹಂಡೆಗೆ ಹೋಯಿತು. ಅದು ಸಿದ್ಧವಾಗುವವರೆಗೆ ಕಾಡಿನ ಹೊರಗೆ, ದೂರದ ಗುಡ್ಡದಾಚೆಯ ಸಿಹಿನೀರಿನ ಒರತೆಯಿಂದ ಇಡೀ ಕಾಡಿಗೆ ನರಿಯೇ ನೀರು ಹೊತ್ತಿತು. ಮೊದಲ ಕೊಡ ಜಿಂಕೆಮರಿಗೆ. ಗವಿಗೆ ಬಾಗಿಲಿಲ್ಲದ ಚಿಂತೆ ನರಿಯನ್ನು ಹೆಚ್ಚು ಕಾಡಲಿಲ್ಲ. ಒಳಗೆ ಮಲಗುವಷ್ಟು ಪುರುಸೊತ್ತು ಅದಕ್ಕೆಲ್ಲಿತ್ತು?

ನೀತಿ: ಹೊರಗಿನ ಹೊಳಪು ಒಳಗಿನ ಬಲಕ್ಕೆ ಸಾಕ್ಷಿಯಲ್ಲ. ಕೆಟ್ಟ ಸಹವಾಸ ಎಂಥ ಗಟ್ಟಿಯನ್ನೂ ಸದ್ದಿಲ್ಲದೆ ಕೆಡಿಸುತ್ತದೆ.